ತಂದೆ ಕಲಿತ ಶಾಲೆ

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ಈ ಸಂದರ್ಭದಲ್ಲಿ ವಿದ್ಯಾಭ್ಯಾಸವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದರು. ಎಂದಿನಂತೆ ನಾವು ಪಠ್ಯಪುಸ್ತಕಗಳು ತಡವಾಗಿ ಬರುವುದನ್ನೂ, ಕನ್ನಡವರಿಯದ ಅಧ್ಯಾಪಕರನ್ನು ಕನ್ನಡ ತರಗತಿಗಳಿಗೆ ನೇಮಿಸುವುದನ್ನೂ ಎತ್ತಿ ಆಡುವೆವೆಂದು ಅವರು ಎಣಿಸಿದ್ದಿರಬೇಕು. ಆ ದೂರುಗಳು ಸುಳ್ಳಲ್ಲ. ಅವನ್ನು ನಾವು ಬಿಟ್ಟುಕೊಟ್ಟೂ ಇಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಸಭೆಗಳಲ್ಲಿ ಇಂಥ ಮಾತುಗಳು ಕೇಳಿಬರುತ್ತಲೇ ಇವೆ, ಮುಂದೆಯೂ ಕೇಳಿಬರಬೇಕು. ಆದರೆ ಅನ್ಯರು ನಮಗೆ ಮಾಡಿದ ಅನ್ಯಾಯವನ್ನು ಹೇಳುವಾಗ ಏರುವ ನಮ್ಮ ಸ್ವರವು ನಾವೇ ಮಾಡಿದುದನ್ನು ಹೇಳುವಾಗ ಏಕೋ ಏರುವುದಿಲ್ಲ. ಈ ದಿನ ಆ ಎರಡನೆಯದನ್ನು ಹೇಳಲು ಧೈರ್ಯ ಮಾಡಿದ್ದೇವೆ. ಅದಕ್ಕಾಗಿ ಬಹು ದೂರದಿಂದ, ಐರ್ಲೆಂಡ್ ದೇಶದಿಂದ, ಸುತ್ತಿಕೊಂಡು ಬರಬೇಕಾಗಿದೆ. ತಾವು ಸಹನೆಯಿಂದ ಕೇಳಬೇಕೆಂದು ಪ್ರಾರ್ಥನೆ.

ನಮ್ಮ ತಂಗಿಯ ಮಗಳು ದಾದಿಯ ಉದ್ಯೋಗದಲ್ಲಿ ಆ ದೇಶಕ್ಕೆ ಹೋಗಿ ನೆಲಸಿದ್ದಾಳೆ. ನಮ್ಮ ಜಿಲ್ಲೆಯಿಂದಲೂ ಮಂಗಳೂರ ಕಡೆಯಿಂದಲೂ ಹಾಗೆ ಹೋದವರು ಅನೇಕರಿದ್ದಾರೆ. ಈ ಸಭೆಯಲ್ಲಿಯೇ ಅಂಥವರ ತಾಯಿತಂದೆಗಳನ್ನು ಕಾಣುತ್ತಿದ್ದೇವೆ. ಅವಳ ಮಗನು ಅಲ್ಲಿ ಪ್ರಾಥಮಿಕ ತರಗತಿಗಳನ್ನು ಮುಗಿಸಿ ಪ್ರೌಢಶಾಲೆಗೆ ಸೇರತಕ್ಕ ವಯಸ್ಸಿಗೆ ಬಂದಾಗ, ಮನೆಗೆ ಹತ್ತಿರವಾದ ಕಥೋಲಿಕ ಪ್ರೌಢಶಾಲೆಯ ಪ್ರವೇಶ ನಿಯಮಗಳನ್ನು ತರಿಸಿ ಓದಿದಳು. ಕೆಲವು ಸ್ಥಳಗಳನ್ನು ಆ ಶಾಲೆಯ ಹಳೆ ವಿದ್ಯಾರ್ಥಿಗಳ ಮಕ್ಕಳಿಗಾಗಿ ಎತ್ತಿಡಲಾಗಿದೆ ಎಂದು ಅದರಲ್ಲಿತ್ತಂತೆ. "ಮಾವ, ಇವನ ಅಪ್ಪ ಕಲಿತದ್ದು ಕುಂಬಳೆಯಲ್ಲಿ. ಇಲ್ಲಿ ಕಲಿತಿರುವುದು ಹೇಗೆ?" ಎಂದು ನಮಗೆ ಬರೆದಳು. ಇದೇ ನಿಯಮವನ್ನು ಪ್ರಶ್ನಿಸಿ ಆ ದೇಶದ ತಾಯಿಯೊಬ್ಬಳು ಹಿಂದೆ ಹೂಡಿದ್ದ ವ್ಯಾಜ್ಯದ ತೀರ್ಪುಗಳನ್ನೂ ಜೊತೆಗೆ ಕಳುಹಿದಳು. ಅವಳ ಮಗನಿಗೆ ಮುಂದೆ ಸ್ಥಳ ಸಿಕ್ಕಿತು. ಆ ಭಾಗ ಅಲ್ಲಿಗೆ ಮುಗಿಯಿತು. ಆದರೆ ಪತ್ರವನ್ನೋದಿ ಮೊದಲು ನಕ್ಕವರು, ತೀರ್ಪುಗಳನ್ನೋದಿದ ಮೇಲೆ ನಗಲಾರದೆ ಹೋದೆವು. ಕಾರಣವನ್ನು ಆಮೇಲೆ ಅರಿಕೆ ಮಾಡಿಕೊಳ್ಳುತ್ತೇವೆ.

ಐರ್ಲೆಂಡಿನ ಪೂರ್ವಕಥೆಯನ್ನು ಸ್ವಲ್ಪ ಹೇಳದಿದ್ದರೆ ಈ ವ್ಯಾಜ್ಯದ ಮರ್ಮ ತಿಳಿಯುವುದಿಲ್ಲ. ಅಲ್ಲಿಯ ಬಹುಸಂಖ್ಯಾತರು ಕಥೋಲಿಕರು. ಆದರೆ ಆಳುತ್ತಿದ್ದವರು ಇಂಗ್ಲೆಂಡಿನ ಪ್ರೊಟೆಸ್ಟಂಟರು. 1695ರ ಒಂದು ಕಾಯಿದೆಯಂತೆ ಕಥೋಲಿಕನು ಶಾಲೆಯನ್ನು ನಡೆಸಕೂಡದು, ವಿದ್ಯೆಗಾಗಿ ಮಕ್ಕಳನ್ನು ಪರದೇಶಕ್ಕೂ ಕಳುಹಿಸಕೂಡದು. ಹೀಗಾಗಿ ಹಳ್ಳಿಯ ಉಪಾಧ್ಯಾಯರು ದನದ ಕೊಟ್ಟಿಗೆಗಳಲ್ಲಿಯೂ ಬೇಲಿಯ ಮರೆಯಲ್ಲಿಯೂ ಹುಡುಗರನ್ನು ಕೂಡಿಸಿಕೊಂಡು ಪಾಠ ಹೇಳುತ್ತಿದ್ದರು. ಅವಕ್ಕೆ 'ಬೇಲಿ ಶಾಲೆ'ಗಳೆಂದೇ ಹೆಸರು ಬಂದಿತು. 1782ರ ತರುವಾಯ ಈ ನಿರ್ಬಂಧವು ಸಡಿಲಿತು. 1802ರಲ್ಲಿ ವಾಟರ್‌ಫರ್ಡ್ ನಗರದ ಎಡ್ಮಂಡ್ ರೈಸ್ ಎಂಬ ವರ್ತಕನು, ಹೆಂಡತಿಯನ್ನು ಕಳೆದುಕೊಂಡು ವ್ಯಾಪಾರದಿಂದ ಮನಸ್ಸನ್ನು ತಿರುಗಿಸಿದವನು, ಕುದುರೆ ಲಾಯವೊಂದರಲ್ಲಿ ಬಡ ಹುಡುಗರಿಗಾಗಿ ಶಾಲೆಯನ್ನು ತೆರೆದನು. ಬೀದಿಯಲ್ಲಿ ಅಲೆಯುವ, ಕೂಲಿಗಾರರ, ಹಡಗುಕಟ್ಟೆಯವರ ಮಕ್ಕಳು ಅಲ್ಲಿ ಸೇರಿದರು. ಅವನ ಸಂಗಡಿಗರೇ ಮುಂದೆ 'ಕ್ರಿಶ್ಚಿಯನ್ ಬ್ರದರ್ಸ್' ಎಂಬ ಧಾರ್ಮಿಕ ಸಂಘವಾದರು. ಆ ಸಂಘದವರು ಐರ್ಲೆಂಡಿನ ಪಟ್ಟಣಗಳಲ್ಲಿ ಶಾಲೆಗಳನ್ನು ಕಟ್ಟಿದರು; ನಮ್ಮ ದೇಶಕ್ಕೂ ಬಂದು ದೆಹಲಿ, ಕಲಕತ್ತೆ, ಶಿಲ್ಲಾಂಗುಗಳಲ್ಲಿ ಹೆಸರಾಂತ ಶಾಲೆಗಳನ್ನು ನಡೆಸಿದರು. ವಿದ್ಯೆಯ ಬಾಗಿಲು ಮುಚ್ಚಲ್ಪಟ್ಟ ಜನ ತಮ್ಮ ಕೈಯಿಂದಲೇ ಬಾಗಿಲನ್ನು ಕಡೆದು ನಿಲ್ಲಿಸಿದ ಕಥೆ ಇದು. ಇದನ್ನು ಓದುವಾಗ ನಮಗೆ ಗಡಿನಾಡಿನ ನಮ್ಮ ಹಿರಿಯರು ಹುಲ್ಲು ಮಾಡಿನ ಕೆಳಗೆ ಆರಂಭಿಸಿದ ಕನ್ನಡ ಶಾಲೆಗಳ ನೆನಪು ಬಾರದಿರಲಿಲ್ಲ.

ವಾಟರ್‌ಫರ್ಡಿಗೆ ಹರಿದುಬರುವ ಸ್ಯೂರ್ ನದಿಯ ಮೇಲ್ದಂಡೆಯಲ್ಲಿ ಕ್ಲಾನ್ಮೆಲ್ ಎಂಬ ಪಟ್ಟಣವಿದೆ. ಟಿಪ್ಪರೇರಿ ಪ್ರಾಂತ್ಯಕ್ಕೆ ಸೇರಿದ್ದು. ಅಲ್ಲಿಯೂ ಕ್ರಿಶ್ಚಿಯನ್ ಬ್ರದರ್ಸ್ ಪರಂಪರೆಯ ಹುಡುಗರ ಪ್ರೌಢಶಾಲೆಯೊಂದಿದೆ, ಒಳ್ಳೆಯ ಹೆಸರು ಪಡೆದದ್ದು. 2010ರ ಸಪ್ಟೆಂಬರಿನಲ್ಲಿ ಆರಂಭವಾಗತಕ್ಕ ಮೊದಲ ತರಗತಿಯಲ್ಲಿ 140 ಸ್ಥಳಗಳಿದ್ದುವು. ಅರ್ಜಿಗಳು ಬಂದದ್ದು 174. ಶಾಲೆಯವರು ಮೂರು ಷರತ್ತುಗಳನ್ನು ಬರೆದಿಟ್ಟಿದ್ದರು. ಹುಡುಗನ ತಂದೆತಾಯಿಗಳು ಕಥೋಲಿಕ ಧರ್ಮಭಾವನೆಗೆ ಒಪ್ಪುವ ಶಿಕ್ಷಣವನ್ನು ಬಯಸುವವರಾಗಿರಬೇಕು ಎಂಬುದೊಂದು. ಹುಡುಗನು ಸುತ್ತಣ ಪ್ರಾಥಮಿಕ ಶಾಲೆಗಳಲ್ಲಿ ಕಲಿತವನಾಗಿರಬೇಕು ಎಂಬುದೊಂದು. ಇನ್ನೊಂದು, ಅವನ ಅಣ್ಣನು ಆ ಶಾಲೆಯಲ್ಲಿ ಕಲಿಯುತ್ತಿರಬೇಕು ಅಥವಾ ಕಲಿತಿರಬೇಕು, ಇಲ್ಲವೇ ತಂದೆಯು ಅಲ್ಲಿಯ ಹಳೆ ವಿದ್ಯಾರ್ಥಿಯಾಗಿರಬೇಕು, ಅದೂ ಇಲ್ಲದಿದ್ದರೆ ಕುಟುಂಬಕ್ಕೂ ಶಾಲೆಗೂ ನಿಕಟ ಸಂಬಂಧವಿರಬೇಕು. ಮೂರೂ ಷರತ್ತುಗಳಿಗೆ ಹೊಂದಿದವರಿಗೆ ನೇರವಾಗಿ ಪ್ರವೇಶ. ಉಳಿದ ಸ್ಥಳಗಳಿಗೆ ಚೀಟಿ ಎತ್ತುವುದು.

ಅರ್ಜಿ ಹಾಕಿದವರಲ್ಲಿ ಒಬ್ಬ ಹುಡುಗನು 'ಟ್ರಾವೆಲರ್' ಎಂದು ಕರೆಯಲ್ಪಡುವ ಜನಾಂಗದವನು. ಇವರು ಐರ್ಲೆಂಡಿನ ಅಲೆಮಾರಿಗಳು; ಹಿಂದೆ ಊರಿಂದೂರಿಗೆ ಗಾಡಿಯಲ್ಲಿ ತಿರುಗುತ್ತ ತಗಡಿನ ಪಾತ್ರೆಗಳನ್ನು ಮಾಡಿ, ಬೆಸೆದು, ಕುದುರೆಗಳನ್ನು ಮಾರಿ ಜೀವಿಸುತ್ತಿದ್ದವರು. ಇವರೂ ಬಹುಮಟ್ಟಿಗೆ ಕಥೋಲಿಕರೇ. ಊರವರು ಇವರನ್ನು ಹತ್ತಿರ ಬಿಟ್ಟುಕೊಳ್ಳುತ್ತಿದ್ದುದು ಕಡಿಮೆ. ಆ ದೇಶದಲ್ಲಿ ಪ್ರೌಢ ಶಿಕ್ಷಣವು ಉಚಿತವಾದದ್ದೇ 1967ರಲ್ಲಿ; ಉಚಿತವಾದ ಮೇಲೆಯೂ ಬಹುಕಾಲ ಟ್ರಾವೆಲರ್ ಮಕ್ಕಳು ಪ್ರೌಢಶಾಲೆಯ ಮೆಟ್ಟಿಲು ಹತ್ತಿದ್ದು ತೀರ ಅಪೂರ್ವ. ಈ ಹುಡುಗನ ತಂದೆಯೂ ಯಾವ ಪ್ರೌಢಶಾಲೆಗೂ ಹೋದವನಲ್ಲ. ಹುಡುಗನು ಮನೆಯ ಹಿರಿಯ ಮಗ, ಆದ್ದರಿಂದ ಅಣ್ಣನೆಂಬವನಿಲ್ಲ. ಧರ್ಮದ ಷರತ್ತನ್ನೂ ಪ್ರಾಥಮಿಕ ಶಾಲೆಯ ಷರತ್ತನ್ನೂ ಅವನು ಪೂರೈಸಿದ್ದನು. ಮೂರನೆಯದನ್ನು ಪೂರೈಸುವ ದಾರಿಯೇ ಅವನಿಗಿರಲಿಲ್ಲ. ಚೀಟಿಯಲ್ಲಿ ಹೆಸರು ಬರಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮ ಸಭೆಯಲ್ಲಿ ಕಥೋಲಿಕ ಬಂಧುಗಳೂ ಇದ್ದಾರೆ. ಅವರ ಪಾದ್ರಿಗಳು 1880ರಲ್ಲಿ ಮಂಗಳೂರಿನಲ್ಲಿ ತೆರೆದ ಕಾಲೇಜಿನ ಋಣ ನಮ್ಮ ತಾಲೂಕಿನ ಎಷ್ಟೋ ಮನೆಗಳ ಮೇಲಿದೆ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಲದಲ್ಲಿ ಉನ್ನತ ವಿದ್ಯೆಯೆಂದರೆ ನಮಗೆ ಮಂಗಳೂರೇ. ಕ್ಲಾನ್ಮೆಲಿನ ವ್ಯಾಜ್ಯವು ಧರ್ಮದ ಮೇಲಿನದ್ದಲ್ಲ. ವಾದಿಯೂ ಕಥೋಲಿಕಳೇ, ಪ್ರತಿವಾದಿಯೂ ಕಥೋಲಿಕ ಶಾಲೆಯೇ. ಟ್ರಾವೆಲರರನ್ನು ಹೊರಗಿಡಬೇಕೆಂದು ಆ ನಿಯಮವನ್ನು ಮಾಡಿದರೆಂದು ಯಾರೂ ಆಪಾದಿಸಲೂ ಇಲ್ಲ. ಪ್ರಶ್ನೆ ಇಷ್ಟೇ: ಕೆಟ್ಟ ಎಣಿಕೆಯಿಲ್ಲದೆ ಮಾಡಿದ ನಿಯಮವೂ ಅನ್ಯಾಯವಾಗಬಹುದೇ?

ಆ ತಾಯಿ ಮೊದಲು ಶಾಲೆಯ ಆಡಳಿತ ಮಂಡಲಿಗೆ ಮನವಿ ಮಾಡಿಕೊಂಡಳು, ಒಪ್ಪಲಿಲ್ಲ. ತರುವಾಯ ಸರಕಾರದ ವಿದ್ಯಾ ಇಲಾಖೆಯ ಮೇಲ್ಮನವಿ ಸಮಿತಿಗೆ ಹೋದಳು, ಅಲ್ಲಿಯೂ ಸೋತಳು. ಆಮೇಲೆ 2000ದ ಸಮಾನ ಸ್ಥಾನಮಾನದ ಕಾಯಿದೆಯನ್ನು ಹಿಡಿದು ಸಮಾನತಾ ನ್ಯಾಯಮಂಡಲಿಯ ಬಾಗಿಲು ತಟ್ಟಿದಳು. ಆ ಕಾಯಿದೆಯು ಸ್ತ್ರೀ ಪುರುಷ ಭೇದ, ಧರ್ಮ, ಜನಾಂಗ ಮೊದಲಾದ ಒಂಬತ್ತು ಕಾರಣಗಳಿಂದ ಭೇದವೆಣಿಸುವುದನ್ನು ನಿಷೇಧಿಸುತ್ತದೆ. ಟ್ರಾವೆಲರ್ ಎಂಬುದು ಆ ಒಂಬತ್ತರಲ್ಲಿ ಒಂದು. ನೇರವಾದ ಭೇದವನ್ನು ಮಾತ್ರವಲ್ಲದೆ ಪರೋಕ್ಷ ಭೇದವನ್ನೂ ಅದು ತಡೆಯುತ್ತದೆ. ಪರೋಕ್ಷ ಭೇದವೆಂದರೇನೆಂಬುದನ್ನು ನಮ್ಮ ಊರಿನ ಮಾತಿನಲ್ಲಿ ಹೇಳಬಹುದು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತಷ್ಟೆ. ಈಗ ಯಾರಾದರೂ, "ಆ ದಿನಕ್ಕೆ ಮೊದಲು ಅಜ್ಜನ ಹೆಸರಿನಲ್ಲಿ ಪಟ್ಟೆ ಇದ್ದವರ ಮೊಮ್ಮಕ್ಕಳಿಗೆ ಮೊದಲ ಸ್ಥಾನ" ಎಂದು ನಿಯಮ ಮಾಡಿದರೆನ್ನೋಣ. ಅದರಲ್ಲಿ ಯಾವ ಜಾತಿಯ ಹೆಸರೂ ಇಲ್ಲ. ಆದರೂ ಯಾರು ಒಳಗೆ, ಯಾರು ಹೊರಗೆ ಎಂಬುದು ಈ ಸಭೆಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು.

2010ರ ದಶಂಬರಿನಲ್ಲಿ ನ್ಯಾಯಮಂಡಲಿಯು ತಾಯಿಯ ಪರವಾಗಿ ತೀರ್ಪಿತ್ತಿತು. ತಂದೆಯ ತಲೆಮಾರಿನ ಟ್ರಾವೆಲರರು ಪ್ರೌಢಶಾಲೆಗೆ ಹೋಗದೆ ಇದ್ದುದರಿಂದ, ತಂದೆ ಕಲಿತಿರಬೇಕೆಂಬ ನಿಯಮವು ಮಗನ ತಲೆಮಾರನ್ನೂ ಹಿಂದಕ್ಕೆ ತಳ್ಳುತ್ತದೆ ಎಂಬುದು ಅದರ ಸಾರ. ಹುಡುಗನಿಗೆ ಸ್ಥಳ ಕೊಡಬೇಕು, ನಿಯಮವನ್ನು ಪುನಃ ಪರಿಶೀಲಿಸಬೇಕು ಎಂದು ಆಜ್ಞೆಯಾಯಿತು. ಶಾಲೆಯವರು ಮೇಲಿನ ನ್ಯಾಯಾಲಯಕ್ಕೆ ಹೋದರು.

2011ರಲ್ಲಿ ಸರ್ಕಿಟ್ ಕೋರ್ಟಿನ ನ್ಯಾಯಾಧೀಶರು ಹೇಳಿದ್ದು ಬಹಳ ವಿಚಾರಾರ್ಹವಾಗಿದೆ. ಈ ನಿಯಮದಿಂದ ಟ್ರಾವೆಲರ್ ಮಕ್ಕಳಿಗೆ ಅನನುಕೂಲವಾಗುವುದು ನಿಜವೆಂದು ಅವರು ಒಪ್ಪಿದರು. ಆದರೆ ಶಾಲೆಗೂ ಕುಟುಂಬಗಳಿಗೂ ಇರುವ ಬಾಂಧವ್ಯವನ್ನು ಬಲಪಡಿಸುವುದು ನ್ಯಾಯವಾದ ಉದ್ದೇಶ. ಅದಕ್ಕೆ ಈ ನಿಯಮವು ತಕ್ಕ ಸಾಧನವೇ ಹೌದು ಎಂದು ಶಾಲೆಯ ಪರವಾಗಿ ತೀರ್ಪಿತ್ತರು. ಬಾಂಧವ್ಯವೆಂಬ ಮಾತು ಕಿವಿಗೆ ಇಂಪಾದುದು. ಅದರೊಳಗೆ ಎಂದೂ ಸೇರದವರಿಗೆ ಅದು ಬೇಲಿಯಂತೆಯೇ ಕಾಣುತ್ತದೆಂಬುದನ್ನು ಬೇಲಿ ಶಾಲೆಗಳ ಆ ನಾಡಿನಲ್ಲಿ ಯಾರಾದರೂ ಎತ್ತಿ ಹೇಳಿದರೋ ಇಲ್ಲವೋ, ನಾವು ಓದಿದ ಪುಟಗಳಲ್ಲಿ ಕಾಣಲಿಲ್ಲ.

2012ರ ಫೆಬ್ರವರಿಯಲ್ಲಿ ಹೈಕೋರ್ಟು ಇನ್ನೊಂದು ದಾರಿ ಹಿಡಿಯಿತು. ಈ ನಿಯಮದಿಂದ ಟ್ರಾವೆಲರರಿಗಷ್ಟೇ ಅಲ್ಲ, ಊರಿಗೆ ಹೊಸದಾಗಿ ಬಂದು ನೆಲಸಿದವರಿಗೂ ಪರದೇಶಗಳಿಂದ ಬಂದವರಿಗೂ ತೊಂದರೆಯಾಗುತ್ತದೆ. ಆದುದರಿಂದ ಟ್ರಾವೆಲರರಿಗೆ ವಿಶೇಷವಾದ ಅನನುಕೂಲವಾಯಿತೆಂದು ಹೇಳಬರುವುದಿಲ್ಲ ಎಂಬುದು ಅದರ ತರ್ಕ. ಈ ಮಾತನ್ನೋದಿದಾಗ ನಮ್ಮ ತಂಗಿಯ ಮಗಳ ನೆನಪಾಯಿತು. ಕುಂಬಳೆಯಲ್ಲಿ ಕಲಿತ ತಂದೆಯ ಮಗನೂ ಈ ನಿಯಮದಿಂದ ಹೊರಗುಳಿಯುವನೆಂಬುದೇ ನಿಯಮಕ್ಕೆ ಸಮರ್ಥನೆಯಾಯಿತಲ್ಲ! ನ್ಯಾಯಶಾಸ್ತ್ರದಲ್ಲಿ ಅದು ಸರಿಯಿರಬಹುದು. ಇಬ್ಬರನ್ನು ಹೊರಗಿಟ್ಟದ್ದು ಒಬ್ಬನನ್ನು ಹೊರಗಿಟ್ಟದ್ದಕ್ಕಿಂತ ಕಡಿಮೆ ತಪ್ಪೆಂಬುದು ನಮ್ಮ ಸಾಮಾನ್ಯ ಬುದ್ಧಿಗೆ ನಿಲುಕುವುದಿಲ್ಲ.

2015ರ ಫೆಬ್ರವರಿಯಲ್ಲಿ ಸುಪ್ರೀಮ್ ಕೋರ್ಟಿನ ಬಹುಮತದ ತೀರ್ಪು ಬಂದಿತು. ಕಾಯಿದೆಯ ಪ್ರಕಾರ ಹೈಕೋರ್ಟಿನ ಮೇಲೆ ಇನ್ನೊಂದು ಮೇಲ್ಮನವಿಗೆ ಅವಕಾಶವೇ ಇಲ್ಲವೆಂದು ಅವರು ನಿರ್ಣಯಿಸಿದರು. ಅಲ್ಲಿಗೆ ವ್ಯಾಜ್ಯ ಮುಗಿಯಿತು. 2010ರಲ್ಲಿ ಮೊದಲ ತರಗತಿಗೆ ಅರ್ಜಿ ಹಾಕಿದ ಹುಡುಗನ ವಯಸ್ಸಿನವರು ಅಷ್ಟರಲ್ಲಿ ಐದನೆಯ ವರ್ಷದಲ್ಲಿದ್ದರು.

ಹಾಗಾದರೆ ಆ ತಾಯಿಯ ಶ್ರಮ ವ್ಯರ್ಥವಾಯಿತೇ? ನ್ಯಾಯಾಲಯದಲ್ಲಿ ಅವಳು ಸೋತದ್ದು ನಿಜ. ಆದರೆ ನಿಯಮವು ಎಲ್ಲರ ಬಾಯಿಗೆ ಬಿದ್ದಿತು, ಶಾಸನಸಭೆಯಲ್ಲಿ ಚರ್ಚೆಗಳಾದುವು. 2017ರ ಮಾರ್ಚ್ 1ರಂದು ಐರ್ಲೆಂಡ್ ಸರಕಾರವು ಟ್ರಾವೆಲರರನ್ನು ಪ್ರತ್ಯೇಕ ಜನಾಂಗವೆಂದು ವಿಧಿವತ್ತಾಗಿ ಮನ್ನಿಸಿತು. 2018ರಲ್ಲಿ ಶಾಲಾ ಪ್ರವೇಶದ ಹೊಸ ಕಾಯಿದೆ ಬಂದಿತು. ಅದರಂತೆ ಹಳೆ ವಿದ್ಯಾರ್ಥಿಗಳ ಮಕ್ಕಳೆಂಬ ಕಾರಣದಿಂದ ಕೊಡತಕ್ಕ ಸ್ಥಳಗಳು ನೂರಕ್ಕೆ 25ನ್ನು ಮೀರಕೂಡದು. ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕಥೋಲಿಕ ಆಡಳಿತದಲ್ಲಿರುವ ಆ ದೇಶದಲ್ಲಿ, ಸ್ಥಳ ಸಾಲದಿದ್ದಾಗ ಜ್ಞಾನಸ್ನಾನವಾದ ಮಕ್ಕಳಿಗೆ ಮೊದಲ ಸ್ಥಾನ ಕೊಡುವ ಪದ್ಧತಿಯಿತ್ತು. ಕಥೋಲಿಕ ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಅದೇ ಕಾಯಿದೆ ನಿಲ್ಲಿಸಿತು. ಅಲ್ಪಸಂಖ್ಯಾತ ಮತಗಳ ಶಾಲೆಗಳು ತಮ್ಮ ಮತದ ಮಕ್ಕಳಿಗೆ ಆಸರೆ ಕೊಡಲು ಮಾತ್ರ ಸ್ವಲ್ಪ ಅವಕಾಶ ಉಳಿಯಿತು. ಪ್ರೌಢಶಾಲೆಗಳಿಗೆ ಧರ್ಮದ ವಿಷಯದಲ್ಲಿ ಈ ನಿಷೇಧ ತಾಗಲಿಲ್ಲ. ನೂರಕ್ಕೆ 25 ಎಂಬುದೂ ಪೂರ್ಣ ನ್ಯಾಯವಲ್ಲ. ಆದರೂ ಗಾತ್ರವಿಲ್ಲದೆ ಬೆಳೆದಿದ್ದ ಬೇಲಿಗೆ ಒಂದು ಅಳತೆ ಬಂದಿತು.

ಈ ವ್ಯಾಜ್ಯದಿಂದ ನಾವು ಕಲಿತ ಮುಖ್ಯ ವಿಷಯವು ತೀರ್ಪಿನಲ್ಲಿಲ್ಲ. ಐರ್ಲೆಂಡಿನ 1998ರ ವಿದ್ಯಾಭ್ಯಾಸ ಕಾಯಿದೆಯಂತೆ ಪ್ರತಿಯೊಂದು ಶಾಲೆಯೂ ತನ್ನ ಪ್ರವೇಶ ನೀತಿಯನ್ನು ಬರೆದು ಪ್ರಕಟಿಸಲೇಬೇಕು. ಹಾಗೆ ಬರೆದಿದ್ದುದರಿಂದಲೇ ಆ ತಾಯಿಗೆ ತನ್ನ ಮಗನು ಎಲ್ಲಿ ಎಡವಿದನೆಂದು ಬೆರಳಿಟ್ಟು ತೋರಿಸಲು ಸಾಧ್ಯವಾಯಿತು. ನಮ್ಮಲ್ಲಿ ಏನಾಗುತ್ತದೆ? "ಸೀಟಿಲ್ಲ" ಎಂಬ ಒಂದು ಮಾತು ಬಾಯಿಂದ ಬರುತ್ತದೆ. ತಂದೆಯಾದವನು ಕೊಡೆಯನ್ನು ಎತ್ತಿಕೊಂಡು ಮನೆಗೆ ಬರುತ್ತಾನೆ. ಯಾವ ನಿಯಮದಿಂದ ಇಲ್ಲ, ಎಷ್ಟು ಅರ್ಜಿಗಳು ಬಂದಿದ್ದುವು, ಯಾರಿಗೆ ಯಾವ ಆಧಾರದಿಂದ ಕೊಟ್ಟಿರಿ ಎಂದು ಬರೆವಣಿಗೆಯಲ್ಲಿ ಕೇಳುವವರು ಎಷ್ಟು ಮಂದಿ? ನಮ್ಮ ಸಂಘದ ಕಚೇರಿಗೆ ಇಂಥ ದೂರುಗಳು ಬಂದಾಗಲೆಲ್ಲ ನಾವು ಮೊದಲು ಹೇಳುವುದು ಇದನ್ನೇ: ಅರ್ಜಿಯ ಪ್ರತಿಯನ್ನು ಇಟ್ಟುಕೊಳ್ಳಿ, ನಿರಾಕರಣೆಯನ್ನು ಬರೆದು ಕೊಡಲು ಕೇಳಿ, ತಾರೀಕನ್ನು ಗುರುತು ಮಾಡಿಕೊಳ್ಳಿ.

ನಮ್ಮ ದೇಶದಲ್ಲಿ ಆಸರೆ ಇಲ್ಲದಿಲ್ಲ. ಸರಕಾರವು ನಡೆಸುವ ಅಥವಾ ಸರಕಾರದ ಧನಸಹಾಯ ಪಡೆಯುವ ಯಾವ ವಿದ್ಯಾಸಂಸ್ಥೆಯೂ ಕೇವಲ ಧರ್ಮ, ಜನಾಂಗ, ಜಾತಿ, ಭಾಷೆ ಇವುಗಳ ಕಾರಣದಿಂದ ಯಾವ ಪೌರನಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು ನಮ್ಮ ರಾಜ್ಯಾಂಗದ 29ನೆಯ ವಿಧಿಯ ಎರಡನೆಯ ಖಂಡ ಹೇಳುತ್ತದೆ. ಭಾಷೆಯೆಂಬ ಶಬ್ದವು ಅಲ್ಲಿರುವುದನ್ನು ಗಡಿನಾಡಿಗರಾದ ನಾವು ಮರೆಯತಕ್ಕದ್ದಲ್ಲ. 1954ರ ಜನವರಿ 6ರಂದು ಮುಂಬಯಿ ಸರಕಾರವು ಒಂದು ಸುತ್ತೋಲೆ ಹೊರಡಿಸಿತು. ಆಗ ಬಿಜಾಪುರ, ಧಾರವಾಡ, ಬೆಳಗಾಂವಿಗಳೂ ಆ ರಾಜ್ಯದಲ್ಲಿಯೇ ಇದ್ದುವು. ಇಂಗ್ಲಿಷ್ ಮಾಧ್ಯಮದ ತರಗತಿಗಳಿಗೆ ಆಂಗ್ಲೋ ಇಂಡಿಯನರನ್ನೂ ಏಷ್ಯಾ ಮೂಲದವರಲ್ಲದ ಪೌರರನ್ನೂ ಹೊರತು ಇತರರನ್ನು ಸೇರಿಸಕೂಡದೆಂಬುದು ಅದರ ತಾತ್ಪರ್ಯ. ನಾಸಿಕದ ಬಳಿಯ ದೇವಳಾಲಿಯ ಬಾರ್ನ್ಸ್ ಹೈಸ್ಕೂಲಿಗೆ ಮಕ್ಕಳನ್ನು ಸೇರಿಸಲು ಹೋದ ಇಬ್ಬರು ತಂದೆಯರು, ಒಬ್ಬರು ಭಾರತೀಯ ಕ್ರೈಸ್ತರು, ಇನ್ನೊಬ್ಬರು ಹಿಂದೂಗಳು, ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಅವರೂ ಶಾಲೆಯ ಸಂಸ್ಥೆಯೂ ನ್ಯಾಯಾಲಯಕ್ಕೆ ಹೋದರು. ನಮ್ಮ ಉದ್ದೇಶ ದೇಶಭಾಷೆಗಳನ್ನು ಬೆಳೆಸುವುದೇ ಹೊರತು ಯಾರನ್ನೂ ಹೊರಗಿಡುವುದಲ್ಲ ಎಂದು ಸರಕಾರ ವಾದಿಸಿತು. ಉದ್ದೇಶ ಒಳ್ಳೆಯದಿರಬಹುದು, ಆದರೆ ಮಗುವನ್ನು ತಡೆದ ಕಾರಣವು ಭಾಷೆಯೇ ಎಂದು ಅದೇ ವರ್ಷ ಮೇ 26ರಂದು ಸುಪ್ರೀಮ್ ಕೋರ್ಟು ಸುತ್ತೋಲೆಯನ್ನು ತಳ್ಳಿಹಾಕಿತು. ಐದು ತಿಂಗಳು ತುಂಬುವ ಮೊದಲೇ ತೀರ್ಮಾನವಾಯಿತು. ಇಂದಿನ ನ್ಯಾಯಾಲಯಗಳ ವೇಗವನ್ನು ಬಲ್ಲವರಿಗೆ ಇದೊಂದು ಪುರಾಣಕಥೆಯಂತೆ ಕೇಳಿಸೀತು.

ಅಲ್ಪಸಂಖ್ಯಾತರಿಗೆ, ಎಂದರೆ ಧರ್ಮದಿಂದಾಗಲಿ ಭಾಷೆಯಿಂದಾಗಲಿ ಅಲ್ಪಸಂಖ್ಯಾತರಾದವರಿಗೆ, ತಮ್ಮ ಇಷ್ಟದ ವಿದ್ಯಾಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು 30ನೆಯ ವಿಧಿ ಕೊಟ್ಟಿದೆ. ಕಾನ್ವೆಂಟುಗಳಿಗಿರುವ ಹಕ್ಕೇ ಕೇರಳದಲ್ಲಿ ಕನ್ನಡಿಗರಿಗೂ ಇದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಎಂಟನೆಯ ತರಗತಿಯವರೆಗಿನ ಪ್ರವೇಶಕ್ಕೆ ಮಗುವನ್ನಾಗಲಿ ತಂದೆತಾಯಿಗಳನ್ನಾಗಲಿ ಸೋಸಿ ಆರಿಸುವುದನ್ನು ದಂಡಾರ್ಹವೆಂದು ಮಾಡಿತು. ಆದರೆ 2014ರಲ್ಲಿ ಸುಪ್ರೀಮ್ ಕೋರ್ಟು ಆ ಕಾಯಿದೆಯು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದಿತು. 2025ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ಹೆಚ್ಚಿನ ಪೀಠವು ವಿಚಾರಿಸಲೆಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ಒಟ್ಟಿನಲ್ಲಿ, ನಮ್ಮ ಸಂಸ್ಥೆಯ ಬಾಗಿಲಲ್ಲಿ ನಾವು ಯಾರನ್ನು ನಿಲ್ಲಿಸುತ್ತೇವೆಂಬುದನ್ನು ನೋಡುವ ಹೊರಗಿನ ಕಣ್ಣು ಕಡಿಮೆ. ನೋಡಬೇಕಾದವರು ನಾವೇ.

ಈಗ ನಮ್ಮ ನಗೆ ನಿಂತುದಕ್ಕೆ ಕಾರಣವನ್ನು ಹೇಳುತ್ತೇವೆ.

ನಮ್ಮ ಸೀಮೆಯಲ್ಲಿ ಕನ್ನಡ ಪ್ರೌಢಶಾಲೆಯು ಕೈಗೆಟಕುವಷ್ಟು ಹತ್ತಿರವಿಲ್ಲದ ಹುಡುಗರಿಗಾಗಿ ಕನ್ನಡಿಗರೇ ನಡೆಸುವ ವಿದ್ಯಾರ್ಥಿನಿಲಯವೊಂದಿದೆ. ಹೆಸರು ಬೇಡ. ಸರಕಾರದ ಕಾಸಿಲ್ಲ, ಹಿಂದೆ ಅಲ್ಲಿದ್ದು ಕಲಿತು ದೊಡ್ಡವರಾದವರು ಕೆಂಪುಕಲ್ಲು, ಹಂಚು, ತೆಂಗಿನಕಾಯಿ, ಅಕ್ಕಿ, ಹಣ ಎಲ್ಲವನ್ನೂ ಕೊಟ್ಟು ಕಟ್ಟಿ ಬೆಳೆಸಿದ್ದಾರೆ. ಸ್ಥಳಗಳು ಕೆಲವೇ. ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದ ಮೇಲೆ ನಾವು ಅದರ ಸಮಿತಿಯಲ್ಲಿದ್ದೇವೆ. ಕೆಲವು ವರ್ಷಗಳ ಹಿಂದೆ ಅರ್ಜಿಗಳು ಹೆಚ್ಚಾದಾಗ ಆಯ್ಕೆಗೆ ಅಂಕಗಳ ಕ್ರಮವೊಂದನ್ನು ಮಾಡಿದೆವು. ಪರೀಕ್ಷೆಯ ಗುಣಗಳಿಗಿಷ್ಟು, ದೂರಕ್ಕಿಷ್ಟು, ಬಡತನಕ್ಕಿಷ್ಟು; ಕೊನೆಯಲ್ಲಿ, "ತಂದೆ ಅಥವಾ ಅಣ್ಣ ಈ ನಿಲಯದ ಹಳೆ ವಿದ್ಯಾರ್ಥಿಯೇ?" ಎಂಬ ಅಂಕಣ, ಅದಕ್ಕೆ ಹತ್ತು ಅಂಕ. ಕಟ್ಟಿಸಿದವರಿಗೆ ಕೃತಜ್ಞತೆ ತೋರಬೇಡವೇ ಎಂದು ಆ ಅಂಕಣವನ್ನು ಸೂಚಿಸಿದವರು ನಾವೇ. ಸಮಿತಿಯು ಒಮ್ಮತದಿಂದ ಒಪ್ಪಿತು. ಚಹಾ ಕುಡಿದು ಎದ್ದೆವು.

ಆ ವರ್ಷವೇ ಬೀಡಿ ಕಟ್ಟುವ ಮನೆಯ ಹುಡುಗನೊಬ್ಬನು ಎಂಟನೆಯ ತರಗತಿಗೆಂದು ಅರ್ಜಿ ಹಾಕಿದನು. ಏಳರವರೆಗೆ ಊರಿನ ಕನ್ನಡ ಶಾಲೆಯಲ್ಲಿ ಚೆನ್ನಾಗಿ ಓದಿದವನು. ತಂದೆಗೆ ಸಹಿ ಮಾಡಲು ಬರುತ್ತದೆ, ಅಷ್ಟೇ. ಪಟ್ಟಿಯಲ್ಲಿ ಹುಡುಗನ ಹೆಸರು ಕೊನೆಯ ಗೆರೆಯ ಕೆಳಗೆ ಬಂದಿತು. ಮೇಲೆ ಇದ್ದವರಲ್ಲಿ ಇಬ್ಬರು ಹಳೆ ವಿದ್ಯಾರ್ಥಿಗಳ ಮಕ್ಕಳು. ಆ ಹತ್ತು ಅಂಕಗಳಿಲ್ಲದಿದ್ದರೆ ಇವನಿಗಿಂತ ಕೆಳಗೆ ಬರುವವರು. ತಂದೆಯು ನಮ್ಮ ಮನೆಯ ಜಗಲಿಗೆ ಬಂದು, ಕುಳಿತುಕೊಳ್ಳೆಂದರೂ ಕುಳಿತುಕೊಳ್ಳದೆ, ತುಳು ಬೆರೆತ ತನ್ನ ಕನ್ನಡದಲ್ಲಿ ಕೇಳಿದನು: "ಮಾಷ್ಟ್ರೇ, ನಾನು ಶಾಲೆಗೆ ಹೋಗದ್ದಕ್ಕೆ ಇವನಿಗೆ ಮಾರ್ಕು ಕಮ್ಮಿಯಾ?" ನಾವು ನಿಯಮ ನಿಯಮವೇ ಎಂದೇನೋ ಹೇಳಿ ಕಳುಹಿಸಿದೆವು.

ಹುಡುಗನು ಮನೆಯ ಹತ್ತಿರದ ಮಲೆಯಾಳ ಶಾಲೆಗೆ ಸೇರಿದನು. ಚೆನ್ನಾಗಿಯೇ ಓದಿದನೆಂದು ಕೇಳಿದ್ದೇವೆ. ಆ ಶಾಲೆಯವರು ಅವನ ತಂದೆ ಎಲ್ಲಿ ಕಲಿತನೆಂದು ಕೇಳಲಿಲ್ಲ. ಇತ್ತ, ಹತ್ತು ಅಂಕಗಳ ಬಲದಿಂದ ಬಂದ ಇಬ್ಬರಲ್ಲಿ ಒಬ್ಬನನ್ನು ನವರಾತ್ರಿಯ ರಜೆಯಲ್ಲಿ ತಂದೆ ಬಂದು ಬಿಡಿಸಿಕೊಂಡು ಹೋಗಿ ಮಂಗಳೂರಿನ ಇಂಗ್ಲಿಷ್ ಶಾಲೆಗೆ ಹಾಕಿದರು. ಅವನ ಮಂಚವು ಆ ವರ್ಷವೆಲ್ಲ ಬರಿದಾಗಿಯೇ ಇತ್ತು. ಕನ್ನಡ ಮಕ್ಕಳು ಕಡಿಮೆಯಾಗುತ್ತಿದ್ದಾರೆಂದು ಅದೇ ವರ್ಷದ ವಾರ್ಷಿಕೋತ್ಸವದಲ್ಲಿ ನಾವು ಬಹಳ ಉದ್ವೇಗದಿಂದ ಮಾತನಾಡಿದ್ದೆವು. ತಾವು ಚಪ್ಪಾಳೆ ಹೊಡೆದಿರಿ.

ಐರ್ಲೆಂಡಿನ ತೀರ್ಪುಗಳನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತಾಗ ಜಗಲಿಯ ಆ ಮಾತೇ ಕಿವಿಯಲ್ಲಿ ಕೇಳಿಸಿತು. ಕ್ಲಾನ್ಮೆಲಿನ ತಾಯಿಯಂತೆ ಅವನು ಮೇಲ್ಮನವಿ ಮಾಡಲಿಲ್ಲ. ಮಾಡಲು ನಮ್ಮಲ್ಲಿ ಮೇಲ್ಮನವಿಯ ಏರ್ಪಾಡೂ ಇರಲಿಲ್ಲ. ನಮ್ಮ ನಿಯಮವು ರಾಜ್ಯಾಂಗದ ಯಾವ ವಿಧಿಗೂ ತಾಗುವುದಿಲ್ಲ. ಧರ್ಮವಲ್ಲ, ಜಾತಿಯಲ್ಲ, ಭಾಷೆಯಲ್ಲ, ಬರಿಯ ತಂದೆಯ ವಿದ್ಯೆ. ಅದರಿಂದಲೇ ಅದು ಇಷ್ಟು ದಿನ ಉಳಿದುಕೊಂಡಿತು.

ನಮ್ಮ ಈ ಅಭಿಪ್ರಾಯವನ್ನು ಸಮಿತಿಯಲ್ಲಿ ಹೇಳಿದಾಗ ಎಲ್ಲರೂ ಒಪ್ಪಲಿಲ್ಲ. ಹಿರಿಯರೊಬ್ಬರು, "ಹಳೆಯ ಮಕ್ಕಳ ಮನೆಯವರನ್ನು ಬಿಟ್ಟರೆ ನಾಳೆ ಅಕ್ಕಿ ಕೊಡುವವರಾರು?" ಎಂದರು. ಇದು ತೇಲಿಸಿಬಿಡತಕ್ಕ ಮಾತಲ್ಲ. ನಿಲಯದ ಅಡಿಗೆಮನೆಯು ದಾನದಿಂದಲೇ ನಡೆಯುತ್ತಿದೆ. ಆದರೆ ಹಳೆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮಕ್ಕಳು ಇಂದು ಕನ್ನಡ ಶಾಲೆಗೆ ಬರುವುದೇ ಇಲ್ಲವೆಂಬುದೂ ಆ ಹಿರಿಯರಿಗೆ ಗೊತ್ತು. ದಾನಿಗಳ ಹೆಸರನ್ನು ಗೋಡೆಯಲ್ಲಿ ಕೆತ್ತಿಸೋಣ, ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸೋಣ, ಮಂಚವನ್ನು ಮಾತ್ರ ಅಗತ್ಯವಿದ್ದವನಿಗೆ ಬಿಡೋಣ ಎಂದೆವು. ಬರುವ ಆದಿತ್ಯವಾರ ಮಧ್ಯಾಹ್ನ ಸಮಿತಿಯು ಪುನಃ ಸೇರಲಿದೆ. ಅಂಕಣವನ್ನು ತೆಗೆಯಬೇಕು, ಅಂಕಗಳ ಪಟ್ಟಿಯನ್ನು ನಿಲಯದ ಬಾಗಿಲಿಗೆ ಅಂಟಿಸಬೇಕು, ಸಿಗದವರಿಗೆ ಕಾರಣವನ್ನು ಬರೆದು ಕೊಡಬೇಕು, ಅವರ ಮನವಿಯನ್ನು ಸಮಿತಿಗೆ ಹೊರಗಿನವರಾದ ಇಬ್ಬರು ಕೇಳಬೇಕು ಎಂಬ ಸೂಚನೆಯನ್ನು ನಾವು ಬರೆದು ಕೊಟ್ಟಿದ್ದೇವೆ. ಈ ಸಭೆಯಲ್ಲಿ ಸಮಿತಿಯ ಸದಸ್ಯರು ನಾಲ್ಕು ಮಂದಿ ಇದ್ದಾರೆ, ಹಳೆ ವಿದ್ಯಾರ್ಥಿಗಳು ಅನೇಕರಿದ್ದಾರೆ. ಆ ದಿನ ತಾವೂ ಬಂದು ತಮ್ಮ ಅಭಿಪ್ರಾಯವನ್ನು ಹೇಳಬೇಕೆಂದು ಬಿನ್ನಹ.

ಬೀಡಿ ಕಟ್ಟುವವನ ಕಿರಿಯ ಮಗನು ಈ ವರ್ಷ ಏಳನೆಯ ತರಗತಿಯಲ್ಲಿದ್ದಾನೆ. ಮೊನ್ನೆ ಪೇಟೆಯಲ್ಲಿ ತಂದೆಯನ್ನು ಕಂಡು, ಅರ್ಜಿ ಹಾಕು ಎಂದೆವು. "ನೋಡುವ, ಮಾಷ್ಟ್ರೇ" ಎಂದು ಹೇಳಿ ಹೋದನು. ಅರ್ಜಿಯ ನಮೂನೆ ಇನ್ನೂ ಅಚ್ಚಿಗೆ ಹೋಗಿಲ್ಲ.